ಬ್ಯಾಂಕಿನ ಹೊಸ ವಿಳಾಸ: ಬಲದಿಂದ ಎಡಕ್ಕೆ ಓದಿದರೆ ತಿಳಿಯುತ್ತದೆ

ಕಲಬುರಗಿ, ಬೀದರ್, ಯಾದಗಿರಿ ಭಾಗದ ಬ್ಯಾಂಕ್ ಗ್ರಾಹಕರಿಗೆ ಹೆಸರು ಬದಲಾಗುವುದು ಹೊಸ ಸಂಗತಿಯೇನಲ್ಲ. ನಿಜಾಮರ ಆಡಳಿತದಲ್ಲಿ 1941ರಲ್ಲಿ ಹುಟ್ಟಿದ ಬ್ಯಾಂಕು ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎನಿಸಿಕೊಂಡು, 2017ರ ಏಪ್ರಿಲ್ 1ರಂದು ಎಸ್‌ಬಿಐಯಲ್ಲಿ ಲೀನವಾಯಿತು. ಕಲಬುರಗಿಯಲ್ಲೇ ಪ್ರಧಾನ ಕಚೇರಿ ಹೊಂದಿದ್ದ ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು. 2019ರಲ್ಲಿ ಅದು ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು; 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಂದಿಗೆ ಒಂದಾಯಿತು. ಪಾಸ್‌ಬುಕ್ಕಿನ ಮೇಲಿನ ಈ ಹೆಸರುಗಳಿಗೆ ಹೊಂದಿಕೊಳ್ಳುವಷ್ಟರಲ್ಲಿ ಬ್ಯಾಂಕುಗಳ ಜಾಲತಾಣದ ವಿಳಾಸವೂ ಬದಲಾಯಿತು. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ‘.ಬ್ಯಾಂಕ್.ಇನ್’ (.bank.in) ಎಂದು ಮುಗಿಯುವ ವಿಳಾಸಕ್ಕೆ ಸ್ಥಳಾಂತರವಾಗಬೇಕು ಎಂದು ರಿಸರ್ವ್ ಬ್ಯಾಂಕ್ ಗಡುವು ವಿಧಿಸಿತ್ತು.

ಗಡುವು ಮುಗಿದರೂ ಗೊಂದಲ ಮುಗಿದಿಲ್ಲ. ‘ನಮ್ಮ ವಿಳಾಸ ಬದಲಾಗಿದೆ’ ಎಂದು ಬರುವ ಸಂದೇಶವೇ ವಂಚಕರದ್ದಾಗಿರಬಹುದಲ್ಲ ಎಂಬ ಅನುಮಾನ ಒಂದು ಕಡೆ. ಹಳೆಯ ವಿಳಾಸದಲ್ಲಿ ವ್ಯವಹರಿಸಿದರೆ ಹಣ ಹೋಗುತ್ತದೆಯೇ ಎಂಬ ಭಯ ಇನ್ನೊಂದು ಕಡೆ. ಬೇಳೆ ಮಿಲ್ಲಿಗೋ ಬಿದರಿ ಅಂಗಡಿಗೋ ಜಾಲತಾಣ ಮಾಡಿಸಿಕೊಂಡವರಿಗೆ, ತಾವೂ ಬದಲಿಸಬೇಕೇ ಎಂಬ ಪ್ರಶ್ನೆ. ಕೊನೆಯದಕ್ಕೆ ಉತ್ತರ ಸುಲಭ: ಬೇಕಿಲ್ಲ. ಉಳಿದೆರಡಕ್ಕೆ ಉತ್ತರ ಸಿಗಬೇಕಾದರೆ ಇಂಥ ವಿಳಾಸ, ಅಂದರೆ ಡೊಮೈನ್ ಹೆಸರು, ಹೇಗೆ ಕಟ್ಟಿಕೊಂಡಿರುತ್ತದೆ ಎಂಬುದನ್ನು ನೋಡಬೇಕು.

ಬದಲಾದದ್ದು ಏನು

2025ರ ಫೆಬ್ರುವರಿಯ ಹಣಕಾಸು ನೀತಿ ಪ್ರಕಟಣೆಯ ಜೊತೆಗೆ ರಿಸರ್ವ್ ಬ್ಯಾಂಕ್ ಈ ವಿಷಯವನ್ನು ಮೊದಲು ಹೇಳಿತು; ಏಪ್ರಿಲ್ 22ರಂದು ಸುತ್ತೋಲೆ ಹೊರಬಿತ್ತು. ವಾಣಿಜ್ಯ ಬ್ಯಾಂಕುಗಳಷ್ಟೇ ಅಲ್ಲದೆ ಗ್ರಾಮೀಣ ಬ್ಯಾಂಕುಗಳು, ಪಟ್ಟಣ ಸಹಕಾರ ಬ್ಯಾಂಕುಗಳು, ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳೂ ಇದರ ವ್ಯಾಪ್ತಿಯಲ್ಲಿವೆ. ಹೆಸರು ನೋಂದಾಯಿಸುವ ಅಧಿಕಾರ ಇರುವುದು ಒಂದೇ ಸಂಸ್ಥೆಗೆ. ಅದು ಹೈದರಾಬಾದಿನ ಐಡಿಆರ್‌ಬಿಟಿ, ಬ್ಯಾಂಕಿಂಗ್ ತಂತ್ರಜ್ಞಾನಕ್ಕೆಂದು ರಿಸರ್ವ್ ಬ್ಯಾಂಕೇ ಸ್ಥಾಪಿಸಿದ ಸಂಸ್ಥೆ. ಹೀಗಾಗಿ ಈಗ ಎಸ್‌ಬಿಐ ವಿಳಾಸ ‘ಎಸ್‌ಬಿಐ.ಬ್ಯಾಂಕ್.ಇನ್’, ಎಚ್‌ಡಿಎಫ್‌ಸಿಯದು ‘ಎಚ್‌ಡಿಎಫ್‌ಸಿ.ಬ್ಯಾಂಕ್.ಇನ್’.

ಎಸ್‌ಬಿಐ ಗ್ರಾಹಕರ ಪಾಡನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ಮೊದಲು ಅದು ‘.ಕೋ.ಇನ್’ ವಿಳಾಸದಲ್ಲಿತ್ತು. ಆಮೇಲೆ ಬ್ಯಾಂಕು ‘.ಎಸ್‌ಬಿಐ’ ಎಂಬ ಸ್ವಂತ ಅಂತ್ಯವನ್ನೇ ಪಡೆದುಕೊಂಡಿತು. ಜನ ಅದನ್ನು ಕಲಿಯುವಷ್ಟರಲ್ಲಿ ಮೂರನೆಯದು ಬಂತು. ಪ್ರತಿ ಸಲವೂ ಬದಲಾವಣೆಗೆ ಹೇಳಲು ಕಾರಣ ಇರುತ್ತದೆ. ಆದರೆ ಪದೇ ಪದೇ ಬದಲಾಗುವ ವಿಳಾಸವನ್ನು ನಂಬುವ ಅಭ್ಯಾಸ ಜನರಿಗೆ ಬರುವುದಿಲ್ಲ, ಆ ಅಪನಂಬಿಕೆಯ ಸಂದಿಯಲ್ಲೇ ವಂಚಕ ನುಸುಳುತ್ತಾನೆ.

ಜಿಲ್ಲೆಯಿಂದ ಹಿಂದಕ್ಕೆ

ಅಂಚೆ ವಿಳಾಸವನ್ನು ನಾವು ಹೇಗೆ ಬರೆಯುತ್ತೇವೆ? ಹೆಸರು, ಮು. ಪೋ. ಮಾದನ ಹಿಪ್ಪರಗಾ, ತಾ. ಆಳಂದ, ಜಿ. ಕಲಬುರಗಿ. ಚಿಕ್ಕದು ಮೊದಲು, ದೊಡ್ಡದು ಕೊನೆಗೆ. ಪತ್ರ ವಿಂಗಡಿಸುವವರು ಮಾತ್ರ ಕೊನೆಯಿಂದ ಓದುತ್ತಾರೆ: ಮೊದಲು ಜಿಲ್ಲೆ, ಆಮೇಲೆ ತಾಲ್ಲೂಕು, ಆಮೇಲೆ ಊರು. ಜಾಲತಾಣದ ವಿಳಾಸದ ರಚನೆಯೂ ಹೀಗೆಯೇ. ಉರ್ದು ಫಲಕಗಳನ್ನು ಓದುತ್ತ ಬೆಳೆದ ಬೀದರ್, ಕಲಬುರಗಿಯ ಎಷ್ಟೋ ಮಂದಿಗೆ ಬಲದಿಂದ ಎಡಕ್ಕೆ ಕಣ್ಣು ಹಾಯಿಸುವುದು ಕಷ್ಟವೂ ಅಲ್ಲ.

ಬೆಳೆ ವಿಮೆಗಾಗಿ ತೊಗರಿ ಬೆಳೆಗಾರರು ನೋಡುವ ರಾಜ್ಯ ಸರ್ಕಾರದ ‘ಸಂರಕ್ಷಣೆ.ಕರ್ನಾಟಕ.ಗವ್.ಇನ್’ ವಿಳಾಸವನ್ನೇ ತೆಗೆದುಕೊಳ್ಳಿ. ಬಲತುದಿಯ ‘ಇನ್’ ಭಾರತದ್ದು. ಅದರ ಎಡಕ್ಕಿರುವ ‘ಗವ್’ ಸರ್ಕಾರಕ್ಕೆ ಮಾತ್ರ ಮೀಸಲು. ಅದರೊಳಗೆ ಕರ್ನಾಟಕ, ಅದರೊಳಗೆ ಸಂರಕ್ಷಣೆ. ನಿಮ್ಮ ಮೊಬೈಲ್ ಆ ತಾಣವನ್ನು ಹುಡುಕುವುದೂ ಇದೇ ಕ್ರಮದಲ್ಲಿ. ಜಗತ್ತಿನ ಮೂಲ ಸರ್ವರುಗಳು ‘ಇನ್’ನ ಪಟ್ಟಿ ಎಲ್ಲಿದೆ ಎಂದು ತೋರಿಸುತ್ತವೆ, ಆ ಪಟ್ಟಿಯಿಂದ ‘ಗವ್.ಇನ್’ನ ಸುಳಿವು, ಅಲ್ಲಿಂದ ಮುಂದಿನದು. ಕೊನೆಗೆ ಸಿಗುವುದು ಒಂದು ಅಂಕಿಗಳ ವಿಳಾಸ, ಕಂಪ್ಯೂಟರಿಗೆ ಬೇಕಾಗಿರುವುದು ಅಷ್ಟೇ. ಬಲಗಡೆ ಇರುವವರು ಎಡಗಡೆಯವರಿಗೆ ಜಾಗ ಕೊಡುತ್ತಾರೆ, ಆದ್ದರಿಂದ ಹೊಣೆ ಯಾರದೆಂದು ತಿಳಿಯಲು ಬಲತುದಿಯನ್ನು ನೋಡಬೇಕು.

ವಂಚಕರ ಜೀವನ ನಡೆಯುವುದು ನಾವು ಎಡದಿಂದ ಓದುವುದರಿಂದ. ‘ಎಸ್‌ಬಿಐ.ಬ್ಯಾಂಕ್.ಇನ್.ಕೆವೈಸಿ-ಅಪ್‌ಡೇಟ್.ಕಾಮ್’ ಎಂಬ ವಿಳಾಸ ಬಂದರೆ ಆರಂಭದ ಮೂರು ಪದ ನೋಡಿ ಬೆರಳು ಒತ್ತಿಬಿಡುತ್ತದೆ. ಆದರೆ ಅದರ ಜಿಲ್ಲೆ ‘ಕಾಮ್’, ತಾಲ್ಲೂಕು ‘ಕೆವೈಸಿ-ಅಪ್‌ಡೇಟ್’. ಎಡಕ್ಕಿರುವುದೆಲ್ಲ ಆ ಹೆಸರನ್ನು ಹಿಡಿದವನು ತನ್ನ ಮನೆಯೊಳಗೆ ತೂಗುಹಾಕಿಕೊಂಡ ಬೋರ್ಡು. ಮನೆಗೆ ‘ಕಲಬುರಗಿ ನಿಲಯ’ ಎಂದು ಹೆಸರಿಟ್ಟ ಮಾತ್ರಕ್ಕೆ ಆ ಮನೆ ಕಲಬುರಗಿಯಲ್ಲಿರಬೇಕೆಂದಿಲ್ಲ.

ಇನ್ನೆರಡು ಸೂಕ್ಷ್ಮಗಳಿವೆ. ‘ಎಸ್‌ಬಿಐ-ಬ್ಯಾಂಕ್.ಇನ್’ ಎಂದರೆ ಹೊಸ ಮೀಸಲು ವಿಳಾಸವಲ್ಲ. ಚುಕ್ಕೆ ಇರಬೇಕಾದಲ್ಲಿ ಅಡ್ಡಗೆರೆ ಬಂದಿದೆ. ಅಂಥ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಹಾಗೆಯೇ ಆರಂಭದ ‘https://’ ಬಿಟ್ಟರೆ ವಿಳಾಸದಲ್ಲಿ ಮೊದಲ ಓರೆಗೆರೆ ಬಂದ ಮೇಲೆ ಬರೆದದ್ದೆಲ್ಲ ತಾಣದ ಒಳಗಿನ ಪುಟದ ಹೆಸರು. ಬಲದಿಂದ ಓದುವುದು ಆ ಓರೆಗೆರೆಯ ಹಿಂದಿನ ಭಾಗವನ್ನು. ಇನ್ನು ಬ್ರೌಸರಿನಲ್ಲಿ ವಿಳಾಸದ ಪಕ್ಕ ಕಾಣುತ್ತಿದ್ದ ಬೀಗದ ಚಿತ್ರ. ಬೀಗ ಇದ್ದರೆ ಸುರಕ್ಷಿತ ಎಂದು ವರ್ಷಗಟ್ಟಲೆ ಹೇಳಿಕೊಟ್ಟದ್ದು ಈಗ ತಿರುಗುಬಾಣವಾಗಿದೆ. ಬೀಗವು ನಿಮ್ಮ ಮಾತು ದಾರಿಯಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂದು ಹೇಳುತ್ತದೆಯೇ ಹೊರತು ಆ ತುದಿಯಲ್ಲಿ ಕೂತವನು ಸಂಭಾವಿತನೇ ಎಂದು ಹೇಳುವುದಿಲ್ಲ. ಕ್ರೋಮ್ ಬ್ರೌಸರ್ 2023ರಲ್ಲಿ ಆ ಚಿತ್ರವನ್ನೇ ಕೈಬಿಟ್ಟಿತು.

ಬಾಗಿಲಲ್ಲಿ ಕೇಳುವವರಿದ್ದಾರೆಯೇ

ಡೊಮೈನ್ ಅಂತ್ಯಗಳಲ್ಲಿ ಎರಡು ಜಾತಿ. ಮೊದಲನೆಯದರಲ್ಲಿ ಬಾಗಿಲು ಸದಾ ತೆರೆದಿರುತ್ತದೆ. ‘.ಕಾಮ್’, ‘.ಇನ್’, ‘.ಕೋ.ಇನ್’, ‘.ಆರ್ಗ್’ ಇವೆಲ್ಲ ಹಾಗೆ. ಮೊದಲು ಬಂದವರಿಗೆ ಮೊದಲ ಪಾಲು. ಆ ಹೆಸರಿನ ಮೇಲೆ ಹಕ್ಕಿದೆಯೇ ಎಂದು ಕೊಡುವವರು ವಿಚಾರಿಸುವುದಿಲ್ಲ. ಎರಡನೆಯದರಲ್ಲಿ ದಾಖಲೆ ತೋರಿಸದೆ ಒಳಗೆ ಪ್ರವೇಶವಿಲ್ಲ. ‘.ಗವ್.ಇನ್’ ಸರ್ಕಾರಕ್ಕೆ, ‘.ಎಸಿ.ಇನ್’ ವಿದ್ಯಾಸಂಸ್ಥೆಗಳಿಗೆ. ಗುಲ್ಬರ್ಗಾ ವಿಶ್ವವಿದ್ಯಾಲಯವೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಇರುವುದು ‘.ಎಸಿ.ಇನ್’ನಲ್ಲಿ. ‘.ಬ್ಯಾಂಕ್.ಇನ್’ ಈ ಎರಡನೆಯ ಜಾತಿಗೆ ಸೇರಿದ್ದು. ಅದರ ಬೆಲೆ ಇರುವುದು ಅಲ್ಲಿ, ಅಕ್ಷರಗಳಲ್ಲಿ ಅಲ್ಲ.

ನಮ್ಮ ಭಾಗಕ್ಕೆ ಇದರಿಂದ ಒಂದು ನಿರೀಕ್ಷಿಸದ ಲಾಭವೂ ಇದೆ. ಸೌಹಾರ್ದ ಸಹಕಾರಿಗಳು, ಪತ್ತಿನ ಸಂಘಗಳು ಬ್ಯಾಂಕಿನಂಥದೇ ಕೌಂಟರು, ಪಾಸ್‌ಬುಕ್ಕು, ಪಿಗ್ಮಿ ಸಂಗ್ರಹ ಇಟ್ಟುಕೊಂಡಿರುವುದರಿಂದ ಜನರ ಬಾಯಲ್ಲಿ ಅವೂ ಬ್ಯಾಂಕುಗಳೇ. ಕಾನೂನಿನಲ್ಲಿ ಅಲ್ಲ. 2020ರ ಸೆಪ್ಟೆಂಬರ್ 29ರಿಂದ ಜಾರಿಗೆ ಬಂದ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ತಿದ್ದುಪಡಿಯ ಪ್ರಕಾರ, ಅನುಮತಿ ಇಲ್ಲದ ಸಹಕಾರ ಸಂಘಗಳು ಹೆಸರಿನಲ್ಲಿ ‘ಬ್ಯಾಂಕ್’ ಪದವನ್ನೇ ಬಳಸುವಂತಿಲ್ಲ. ಬ್ಯಾಂಕುಗಳಲ್ಲಿಟ್ಟ ಠೇವಣಿಗೆ ಒಬ್ಬ ಠೇವಣಿದಾರರಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಸೌಹಾರ್ದಕ್ಕೆ ‘.ಬ್ಯಾಂಕ್.ಇನ್’ ಸಿಗುವುದಿಲ್ಲವಾದ್ದರಿಂದ ಈ ವ್ಯತ್ಯಾಸ ಈಗ ವಿಳಾಸದಲ್ಲೇ ಕಾಣುತ್ತದೆ.

ಆದರೆ ಅರ್ಥವನ್ನು ಎಳೆದು ಹಿಗ್ಗಿಸಬಾರದು. ‘.ಬ್ಯಾಂಕ್.ಇನ್’ ಇದ್ದರೆ ಆ ಸಂಸ್ಥೆ ಬ್ಯಾಂಕು ಹೌದು ಎಂದಷ್ಟೇ ಅರ್ಥ. ಅದರ ಸಾಲ ವಸೂಲಿ ಹೇಗಿದೆ, ಬಂಡವಾಳ ಎಷ್ಟಿದೆ ಎಂಬುದಕ್ಕೂ ಈ ಅಂತ್ಯಕ್ಕೂ ಸಂಬಂಧವಿಲ್ಲ.

ಆಕ್ಷೇಪಗಳಲ್ಲಿ ಹುರುಳಿದೆ

ಮೊದಲ ಆಕ್ಷೇಪ: ವಿಳಾಸ ಯಾರು ನೋಡುತ್ತಾರೆ? ಮೋಸ ಹೋಗುವವರು ಸಾಮಾನ್ಯವಾಗಿ ಬ್ರೌಸರಿನಲ್ಲಿ ಹೆಸರು ಟೈಪಿಸಿ ಹೋದವರಲ್ಲ. ಫೋನ್ ಮಾಡಿ ಒಟಿಪಿ ಕೇಳಿದಾಗ ಹೇಳಿದವರು, ಮದುವೆ ಆಮಂತ್ರಣ ಅಥವಾ ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬಂದ ಎಪಿಕೆ ಕಡತವನ್ನು, ಅಂದರೆ ಫೋನಿನಲ್ಲಿ ಆ್ಯಪ್ ಅಳವಡಿಸುವ ಕಡತವನ್ನು, ಒತ್ತಿದವರು. ಅಲ್ಲಿ ಡೊಮೈನ್ ಕಣ್ಣಿಗೇ ಬೀಳುವುದಿಲ್ಲ. ಬ್ಯಾಂಕಿನ ಆ್ಯಪ್ ಬಳಸುವವರಿಗೂ ಅಷ್ಟೆ.

ಎರಡನೆಯದು ಸಣ್ಣ ಬ್ಯಾಂಕುಗಳ ಗೋಳು. ವಿಳಾಸ ಬದಲಿಸುವುದೆಂದರೆ ಬೋರ್ಡು ಬದಲಿಸಿದಂತಲ್ಲ. ಇಮೇಲ್, ನೆಟ್ ಬ್ಯಾಂಕಿಂಗ್, ಪಾವತಿ ಸೇವೆಗಳ ಜೋಡಣೆ, ಅಚ್ಚಾದ ಚೆಕ್ ಪುಸ್ತಕ, ಪಾಸ್‌ಬುಕ್, ಕ್ಯಾಲೆಂಡರ್ ಎಲ್ಲಕ್ಕೂ ಕೈ ಹಾಕಬೇಕು. ದೊಡ್ಡ ಬ್ಯಾಂಕಿಗೆ ಇದಕ್ಕೆಂದೇ ವಿಭಾಗವಿರುತ್ತದೆ, ತಾಲ್ಲೂಕು ಮಟ್ಟದ ಪಟ್ಟಣ ಸಹಕಾರ ಬ್ಯಾಂಕು ಹೊರಗಿನ ಸೇವಾದಾರನ ದಾರಿ ಕಾಯಬೇಕು. ಎಲ್ಲರೂ ಒಂದೇ ನೋಂದಣಿ ಸಂಸ್ಥೆಯನ್ನು ನೆಚ್ಚಿಕೊಂಡರೆ ಅಲ್ಲಿ ಒಂದು ದಿನ ತೊಡಕಾದಾಗ ಏನು ಗತಿ ಎಂಬ ಚಿಂತೆಯೂ ಅಸಹಜವಲ್ಲ.

ರಿಸರ್ವ್ ಬ್ಯಾಂಕಿನ ನಿಲುವಿನ ಸಾರ ಇದು: ನಕಲಿ ತಾಣಗಳ ಮೂಲಕ ಗುಪ್ತಸಂಖ್ಯೆ ಕದಿಯುವುದನ್ನು ತಡೆಯಲು, ಡಿಜಿಟಲ್ ವ್ಯವಹಾರದ ಮೇಲೆ ವಿಶ್ವಾಸ ಉಳಿಸಲು ಎಲ್ಲ ಬ್ಯಾಂಕುಗಳಿಗೂ ಗುರುತಿಸಬಹುದಾದ ಒಂದೇ ಚಹರೆ ಬೇಕು. ಈ ವಾದದ ಬಲ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಕಲಿಸುವ ಸುಲಭದಲ್ಲಿದೆ ಎಂದು ತೋರುತ್ತದೆ. ಮೊದಲು ಪ್ರತಿ ಬ್ಯಾಂಕಿನ ವಿಳಾಸವನ್ನೂ ಬೇರೆ ಬೇರೆಯಾಗಿ ನೆನಪಿಡಬೇಕಿತ್ತು. ಈಗ ಅಜ್ಜಿಗೂ ಒಂದೇ ಮಾತು ಹೇಳಬಹುದು: ಕೊನೆಯಲ್ಲಿ ಚುಕ್ಕೆ ಬ್ಯಾಂಕ್ ಚುಕ್ಕೆ ಇನ್ ಇಲ್ಲದಿದ್ದರೆ ಮುಟ್ಟಬೇಡ. ಬ್ಯಾಂಕುಗಳ ಸೇವಾ ಕರೆಗಳಿಗೆ 1600ರಿಂದ ಆರಂಭವಾಗುವ ಸಂಖ್ಯೆಗಳನ್ನೇ ಬಳಸಬೇಕೆಂಬ 2025ರ ಜನವರಿಯ ಸೂಚನೆಯನ್ನೂ ಇದರ ಜೊತೆಗಿಟ್ಟು ನೋಡಬೇಕು. ಫೋನಿಗೆ ಮುಂದಿನ ಅಂಕಿ ಗುರುತು, ಜಾಲತಾಣಕ್ಕೆ ಹಿಂದಿನ ಪದ ಗುರುತು.

ಇಂಥ ನಿಯಮ ಅಪವಾದಗಳಿಲ್ಲದಿದ್ದರೆ ಮಾತ್ರ ನಿಲ್ಲುತ್ತದೆ. ಬ್ಯಾಂಕೇ ತನ್ನ ಎಸ್‌ಎಂಎಸ್‌ನಲ್ಲಿ ಮೊಟಕುಗೊಳಿಸಿದ ಕೊಂಡಿ (ಶಾರ್ಟ್ ಲಿಂಕ್) ಕಳಿಸಿ ‘ಇಲ್ಲಿ ಒತ್ತಿ’ ಎಂದರೆ, ಅಥವಾ ಸಾಲದ ಜಾಹೀರಾತಿಗೆ ಬೇರೊಂದು ‘.ಕಾಮ್’ ತಾಣ ತೆರೆದರೆ, ಅಜ್ಜಿಗೆ ಹೇಳಿಕೊಟ್ಟ ಪಾಠ ಅದೇ ಕ್ಷಣ ಸುಳ್ಳಾಗುತ್ತದೆ.

ಹಳೆಯ ವಿಳಾಸದ ಮುಂದಿನ ಕಥೆ

ಹಳೆಯ ವಿಳಾಸ ಟೈಪಿಸಿದರೆ ಹಣ ಹೋಗುತ್ತದೆಯೇ? ಬ್ಯಾಂಕು ಅದನ್ನು ಕೈಯಲ್ಲೇ ಉಳಿಸಿಕೊಂಡಿದ್ದರೆ ಹೋಗುವುದಿಲ್ಲ. ಹಳೆಯದು ತಾನಾಗಿ ಹೊಸದಕ್ಕೆ ದಾಟಿಸುತ್ತದೆ. ಅಪಾಯ ಶುರುವಾಗುವುದು, ‘ಇನ್ನೇಕೆ ದಂಡ’ ಎಂದು ಹಳೆಯದರ ಶುಲ್ಕ ಕಟ್ಟುವುದನ್ನು ನಿಲ್ಲಿಸಿದಾಗ.

ಡೊಮೈನ್ ಹೆಸರನ್ನು ಕೊಳ್ಳುತ್ತೇವೆ ಎನ್ನುತ್ತೇವಾದರೂ ನಿಜದಲ್ಲಿ ಅದು ಲಾವಣಿಗೆ ಹಿಡಿದ ಹೊಲ. ಒಮ್ಮೆಗೆ ಗರಿಷ್ಠ 10 ವರ್ಷ, ನವೀಕರಿಸದಿದ್ದರೆ ಕೈತಪ್ಪುತ್ತದೆ. ‘.ಕಾಮ್’ ಹೆಸರಾದರೆ ಅವಧಿ ಮುಗಿದ ಮೇಲೆ ಹೆಚ್ಚೆಂದರೆ 45 ದಿನಗಳ ರಿಯಾಯಿತಿ, ಆಮೇಲೆ ದುಬಾರಿ ಶುಲ್ಕ ತೆತ್ತು ಬಿಡಿಸಿಕೊಳ್ಳಲು 30 ದಿನ, ಕೊನೆಯ 5 ದಿನ ಯಾರೂ ಮುಟ್ಟುವಂತಿಲ್ಲ. ಅದಾದ ಮರುಗಳಿಗೆಯಲ್ಲಿ ಅದು ಸಾರ್ವಜನಿಕರ ಪಾಲು. ಹಳೆಯ ಹೆಸರಿಗೆ ಜನ ಬರುತ್ತಲೇ ಇರುತ್ತಾರೆಂದು ಬಲ್ಲವರು ಅದನ್ನೇ ಕಾದು ಹಿಡಿಯುತ್ತಾರೆ. ತಾಣದಲ್ಲಿ ಹಳೆಯ ಲಾಂಛನವನ್ನೇ ಹಾಕಿ ಕೂರಬಹುದು. ಹಳೆಯ ಇಮೇಲ್ ವಿಳಾಸಕ್ಕೆ ಬರುವ ಪತ್ರಗಳನ್ನು ಓದಬಹುದು.

ಹೆಸರು ಬದಲಿಸುವುದರಲ್ಲಿ ನಮ್ಮ ಭಾಗ ಯಾರಿಗೂ ಕಡಿಮೆಯಿಲ್ಲ. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು, 2021ರಲ್ಲಿ ಈಶಾನ್ಯ ಸಾರಿಗೆ ಸಂಸ್ಥೆ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮವಾಗಿ, ಎನ್‌ಇಕೆಆರ್‌ಟಿಸಿ ಎಂಬ ಅಕ್ಷರಗಳು ಕೆಕೆಆರ್‌ಟಿಸಿ ಆದವು. ನಾಮಫಲಕ ಕಳಚಿದರೆ ಹಳೆಯ ಹೆಸರು ಹೋಯಿತು. ಡೊಮೈನ್ ಹಾಗಲ್ಲ: ನೀವು ಬಿಟ್ಟರೆ ಇನ್ನೊಬ್ಬರು ಅದನ್ನು ತೊಡುತ್ತಾರೆ. ಹೆಸರು ಬದಲಿಸುವ ಯಾವ ಸಂಸ್ಥೆಯೂ ಹಳೆಯ ಡೊಮೈನ್‌ನ ಶುಲ್ಕವನ್ನು ಬಜೆಟ್ಟಿನಲ್ಲಿ ಶಾಶ್ವತ ಖರ್ಚೆಂದು ಬರೆದುಕೊಳ್ಳುವುದು ಮೇಲು. ವರ್ಷಕ್ಕೆ ಒಂದೆರಡು ಸಾವಿರ ರೂಪಾಯಿಯ ಮಾತು.

ಗಂಜಿನ ವ್ಯಾಪಾರಿ ಆರಿಸುವಾಗ

ಬ್ಯಾಂಕಿಗೆ ಬಾಗಿಲು ಕಾಯುವವರು ಸಿಕ್ಕರು. ಕಲಬುರಗಿಯ ನೆಹರೂ ಗಂಜ್ ಮಾರುಕಟ್ಟೆಯ ಬೇಳೆ ವ್ಯಾಪಾರಿಗೆ, ಬೀದರಿನ ಬಿದರಿ ಕುಶಲಕರ್ಮಿಗೆ, ಸುರಪುರದ ಖಾಸಗಿ ಶಾಲೆಗೆ ಅಂಥವರಿಲ್ಲ. ಹೆಸರು ಆರಿಸುವುದೂ ಕಾಯುವುದೂ ಅವರದೇ ಕೆಲಸ.

ಮೊದಲ ತೊಡಕು ಇಂಗ್ಲಿಷ್ ಕಾಗುಣಿತ. ‘ಕಲಬುರಗಿ’ಗೆ ಇಂಗ್ಲಿಷಿನಲ್ಲಿ ‘ಎ’ ಅಕ್ಷರ ಮೂರು ಬಾರಿ ಬರಬೇಕು. ಒಂದನ್ನೇ ಹಾಕಿ ‘ಕಲ್ಬುರ್ಗಿ’ ಮಾಡುವವರು ಧಾರಾಳವಾಗಿದ್ದಾರೆ. ಕನ್ನಡದ ಯಾದಗಿರಿ ಇಂಗ್ಲಿಷಿನಲ್ಲಿ ‘ಯಾದಗಿರ್’. ಶರಣಬಸವ ವಿಶ್ವವಿದ್ಯಾಲಯ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ‘ಶರ್ನ್‌ಬಸ್ವ’ ಎಂದು ಓದುವಂತೆ ಬರೆಯುತ್ತದೆ. ಹೆಸರು ಗೊತ್ತು ಮಾಡುವ ಮುನ್ನ ನಾಲ್ಕು ಜನರಿಗೆ ಫೋನಿನಲ್ಲಿ ಅದನ್ನು ಒಮ್ಮೆ ಮಾತ್ರ ಹೇಳಿ ಬರೆಯಲು ಹೇಳಬೇಕು. ನಾಲ್ವರೂ ನಾಲ್ಕು ಬಗೆಯಲ್ಲಿ ಬರೆದರೆ ಬೇರೆ ಹೆಸರು ಹುಡುಕುವುದು, ಅಥವಾ ಮುಖ್ಯ ತಪ್ಪು ರೂಪಗಳನ್ನೂ ಕೊಂಡು ಒಂದಕ್ಕೇ ದಾಟಿಸುವುದು ಲೇಸು. ಒಂದು ತುಂಡಿನಲ್ಲಿ 63 ಅಕ್ಷರಗಳವರೆಗೆ ಅವಕಾಶವಿದೆ. ಅವಕಾಶ ಇದೆಯೆಂದು ಅಂಗಡಿಯ ಪೂರ್ತಿ ಹೆಸರು, ತಂದೆಯ ಹೆಸರು, ‘ಆ್ಯಂಡ್ ಸನ್ಸ್’ ಎಲ್ಲವನ್ನೂ ತುಂಬಬೇಕೆಂದಿಲ್ಲ.

ಊರಿನ ಹೆಸರು ಸೇರಿಸುವುದಾದರೆ ಯಾವುದು? ಊರು ಕಲಬುರಗಿಯಾಗಿದ್ದರೂ ವಿಶ್ವವಿದ್ಯಾಲಯ ಗುಲ್ಬರ್ಗಾದ್ದೇ, ಲೋಕಸಭಾ ಕ್ಷೇತ್ರವೂ ಗುಲ್ಬರ್ಗಾ. 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿದ್ದು ‘ಗುಲ್ಬರ್ಗಾ ತೊಗರಿ ಬೇಳೆ’ಗೆ. ಹೊರ ರಾಜ್ಯದ ಸಗಟು ಖರೀದಿದಾರ ಹುಡುಕುವ ಪದ ಹಳೆಯದಾಗಿದ್ದರೆ ಅಚ್ಚರಿಯಿಲ್ಲ. ಎರಡನ್ನೂ ಇಟ್ಟುಕೊಳ್ಳುವ ವ್ಯಾಪಾರಿ ಅಭಿಮಾನವನ್ನೂ ಲಾಭವನ್ನೂ ಒಟ್ಟಿಗೆ ಉಳಿಸಿಕೊಳ್ಳುತ್ತಾನೆ.

‘.ಕಾಮ್’ ಒಳ್ಳೆಯದೋ ‘.ಇನ್’ ಒಳ್ಳೆಯದೋ ಎಂಬ ಚರ್ಚೆಗೆ ಕೊಡುವಷ್ಟು ಮಹತ್ವ ಬೇಕಾಗಿಲ್ಲ. ಎರಡೂ ತೆರೆದ ಬಾಗಿಲುಗಳು. ದೇಶದೊಳಗಿನ ವ್ಯಾಪಾರಕ್ಕೆ ‘.ಇನ್’ ಸಾಕು, ರಫ್ತು ಮಾಡುವ ಬಿದರಿ ಅಂಗಡಿಗೆ ‘.ಕಾಮ್’ ಹೊಂದುತ್ತದೆ. ನೋಡಬೇಕಾದದ್ದು ಎರಡನೇ ವರ್ಷದ ದರವನ್ನು. ಮೊದಲ ವರ್ಷ ಚಹಾ ಕುಡಿದಷ್ಟು ಅಗ್ಗವೆಂದು ಕೊಡುವ ವಿಚಿತ್ರ ಅಂತ್ಯಗಳು ನವೀಕರಣದ ಹೊತ್ತಿಗೆ ಹಲವು ಪಟ್ಟು ಏರುವುದುಂಟು.

ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ, ಹೆಸರು ಯಾರ ಹೆಸರಿನಲ್ಲಿದೆ ಎಂಬುದು. ಜಾಲತಾಣ ಮಾಡಿಕೊಡುವ ಹುಡುಗ ಅನುಕೂಲಕ್ಕೆಂದು ಡೊಮೈನನ್ನು ತನ್ನ ಖಾತೆಯಲ್ಲಿ, ತನ್ನ ಇಮೇಲಿನಲ್ಲಿ ನೋಂದಾಯಿಸಿಬಿಡುತ್ತಾನೆ. ದುಡ್ಡು ಕೊಟ್ಟವರು ಹೊಲ ತಮ್ಮದೆಂದು ಭಾವಿಸಿರುತ್ತಾರೆ, ಪಹಣಿಯಲ್ಲಿ ಹೆಸರು ಅವನದು. ಅವನು ಬೆಂಗಳೂರಿಗೆ ಹೋದರೆ, ಸಂಖ್ಯೆ ಬದಲಿಸಿದರೆ, ಮುನಿಸಿಕೊಂಡರೆ ನವೀಕರಣದ ನೋಟಿಸು ಹೋಗುವುದು ಅವನಿಗೇ. ಪಹಣಿ ತೆಗೆಸಿ ನೋಡುವ ರೈತನಂತೆ ವ್ಯಾಪಾರಿಯೂ ನೋಂದಣಿದಾರ ಯಾರು, ಖಾತೆಯ ಇಮೇಲ್ ಮತ್ತು ಮೊಬೈಲ್ ಯಾರವು ಎಂಬುದನ್ನು ಹಣ ಕೊಡುವ ಮುನ್ನವೇ ನೋಡಬೇಕು.

ಹೆಸರಿಗೆ ಜಗಳ ಬಂದರೆ

ನಿಮ್ಮ ಹೆಸರನ್ನೇ ಹೋಲುವ ಡೊಮೈನನ್ನು ಇನ್ನೊಬ್ಬರು ಹಿಡಿದರೆ ಕಾನೂನಿನ ದಾರಿ ಇದೆ. ಅದನ್ನು ಗಟ್ಟಿ ಮಾಡಿದ ಪ್ರಕರಣ ಶುರುವಾದದ್ದು ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ. ‘ಸಿಫಿ’ ಹೆಸರಿನ ಸತ್ಯಂ ಇನ್ಫೋವೇ, ಒಂದೇ ಅಕ್ಷರ ಹೆಚ್ಚಿಗೆ ಸೇರಿಸಿ ‘ಸಿಫ್ಫಿನೆಟ್’ ನಡೆಸುತ್ತಿದ್ದವರ ಮೇಲೆ ದಾವೆ ಹೂಡಿತು. ತಡೆಯಾಜ್ಞೆ ಸಿಕ್ಕಿತು, ಹೈಕೋರ್ಟಿನಲ್ಲಿ ಬಿದ್ದುಹೋಯಿತು, 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಳಿ ಎತ್ತಿಹಿಡಿದು, ಡೊಮೈನ್ ಹೆಸರಿಗೂ ವ್ಯಾಪಾರ ಚಿಹ್ನೆಯಂತೆಯೇ ರಕ್ಷಣೆ ಉಂಟೆಂದು ಹೇಳಿತು. ‘.ಇನ್’ ಹೆಸರುಗಳಿಗೆ ಐಎನ್‌ಡಿಆರ್‌ಪಿ ಎಂಬ ಮಧ್ಯಸ್ಥಿಕೆ ವ್ಯವಸ್ಥೆ ಇದೆ, ‘.ಕಾಮ್’ಗೆ ಯುಡಿಆರ್‌ಪಿ.

ಇಲ್ಲೊಂದು ಕೊಂಕು ಇದೆ. ಯುಡಿಆರ್‌ಪಿ ಕಾಪಾಡುವುದು ವ್ಯಾಪಾರ ಚಿಹ್ನೆಯನ್ನು. ಬರೀ ಜಿಐ ಮಾನ್ಯತೆ ಅಲ್ಲಿ ಸಾಲುವುದಿಲ್ಲ. ಬಿದರಿ ಎಂಬ ಹೆಸರು ಬೀದರಿನ ಕುಶಲಕರ್ಮಿಗಳೆಲ್ಲರ ಸೊತ್ತು, ಕೋಟೆಯ ಮಣ್ಣಿಗೆ ಅಂಟಿಕೊಂಡ ಹೆಸರು. ಆದರೆ ಅದನ್ನು ‘.ಕಾಮ್’ ಮಾಡಿಕೊಂಡು ಎಲ್ಲಿಯದೋ ಲೋಹದ ಹೂದಾನಿ ಮಾರುವವನನ್ನು ಆ ವೇದಿಕೆಯಲ್ಲಿ ಎಬ್ಬಿಸುವುದು ಕಷ್ಟ. ಕುಶಲಕರ್ಮಿಗಳ ಸಂಘಗಳು ಹೆಸರಿನ ಮುಖ್ಯ ರೂಪಗಳನ್ನು ಮೊದಲೇ ಕಾಯ್ದಿರಿಸಿಕೊಳ್ಳುವುದು ವ್ಯಾಜ್ಯಕ್ಕಿಂತ ಎಷ್ಟೋ ಅಗ್ಗ.

ಕನ್ನಡ ಲಿಪಿಯಲ್ಲೇ ಹೆಸರು ಮಾಡಿಸಿ ‘.ಭಾರತ’ ಎಂದು ಕೊನೆಗೊಳಿಸಲೂ ಸಾಧ್ಯವಿದೆ. ಕಾಗುಣಿತದ ಕಿರಿಕಿರಿ ಅಲ್ಲಿಗೆ ತಪ್ಪುತ್ತದೆ. ಆದರೆ ಎಷ್ಟೋ ಕಡೆ ಇಮೇಲ್ ಪೆಟ್ಟಿಗೆಗಳು, ಅರ್ಜಿ ನಮೂನೆಗಳು ಇನ್ನೂ ಅದನ್ನು ಒಪ್ಪುವುದಿಲ್ಲ. ಒಳಗೆ ಅದು ರೋಮನ್ ಅಕ್ಷರಗಳ ಅರ್ಥವಿಲ್ಲದ ಸರಣಿಯಾಗಿ ಪರಿವರ್ತನೆಯಾಗುತ್ತದೆ, ಕೆಲವೊಮ್ಮೆ ಆ ಸರಣಿಯೇ ಪರದೆಯ ಮೇಲೆ ಕಂಡು ಗಿರಾಕಿ ಬೆಚ್ಚುತ್ತಾನೆ. ಎರಡನೆಯ ಹೆಸರಾಗಿ ಇಟ್ಟುಕೊಳ್ಳಲು ಚಂದ, ಒಂದೇ ಹೆಸರಾಗಿ ಸದ್ಯಕ್ಕೆ ಸಾಲದು.

ಮುಂದಿನ ಸರದಿ

ಬ್ಯಾಂಕುಗಳ ನಂತರ ಇತರ ಹಣಕಾಸು ಸಂಸ್ಥೆಗಳಿಗೆ ‘.ಫಿನ್.ಇನ್’ ಬರಲಿದೆ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಚಿನ್ನದ ಮೇಲೆ ಸಾಲ ಕೊಡುವ ಕಂಪನಿಗಳು, ಮೈಕ್ರೋ ಫೈನಾನ್ಸ್ ಸಂಸ್ಥೆಗಳು ಆ ಕಡೆ ಸರಿದರೆ ಹಳ್ಳಿಗಳಲ್ಲಿ ಹಾವಳಿ ಎಬ್ಬಿಸುವ ನಕಲಿ ಸಾಲದ ಆ್ಯಪ್‌ಗಳನ್ನು ಬೇರೆಯಾಗಿ ಗುರುತಿಸುವುದು ಸ್ವಲ್ಪ ಸುಲಭವಾಗಬಹುದು. ಆಗ ಈ ಎರಡೂ ಬಾಗಿಲುಗಳ ಹೊರಗೆ ಉಳಿಯುವುದು ಸೌಹಾರ್ದಗಳು, ಪತ್ತಿನ ಸಂಘಗಳು. ಸಹಕಾರ ಸಂಘಗಳಿಗೆಂದೇ ಜಾಗತಿಕವಾಗಿ ‘.ಕೋಆಪ್’ ಎಂಬ ಮೀಸಲು ಅಂತ್ಯ ಎರಡು ದಶಕಗಳಿಂದ ಇದೆ. ಬಯಸಿದವರು ಅರ್ಜಿ ಹಾಕಬಹುದು. ಅದು ಸಿಕ್ಕರೆ ಆ ಸಂಸ್ಥೆ ಸಹಕಾರ ಸಂಘ ಹೌದು ಎಂಬುದು ವಿಳಾಸದಿಂದ ತಿಳಿದೀತು. ಅಲ್ಲಿಟ್ಟ ಹಣಕ್ಕೆ ವಿಮೆ ಇಲ್ಲ ಎಂಬುದನ್ನು ಮಾತ್ರ ಯಾವ ಅಂತ್ಯವೂ ಹೇಳುವುದಿಲ್ಲ, ಅದನ್ನು ಕೌಂಟರಿನಲ್ಲೇ ಕೇಳಬೇಕು.